ಬುಕಾನನ್ ಸಾಹೇಬರು ಮತ್ತು ಪಟ್ಟೆ ಮೀನು



ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಒಬ್ಬ ಡಾಕ್ಟರು ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಯನ್ನೆಲ್ಲ ಸುತ್ತಿ, ಎಲ್ಲಿ ಏನು ಬೆಳೆಯುತ್ತಾರೆ ಅಂತ ಬರೆದುಕೊಂಡರು. ಅವರೇ ಫ್ರಾನ್ಸಿಸ್ ಬುಕಾನನ್. ಕಂಪನಿಗೆ ಬೇಕಾಗಿದ್ದದ್ದು ಕೈಗೆ ಬಂದ ನಾಡಿನ ಲೆಕ್ಕ, ಅದನ್ನು ಮರೆಯುವಂತಿಲ್ಲ. ಆದರೆ ನಾನು ಬರೆಯಹೊರಟಿದ್ದು ಅವರ ಮೀನಿನ ಕೆಲಸದ ಬಗ್ಗೆ.

ಇವರು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದರು. ಎಡಿನ್‌ಬರೋದಲ್ಲಿ ವೈದ್ಯ ಓದಿ, 1794ರಲ್ಲಿ ಬಂಗಾಳದ ವೈದ್ಯಸೇವೆಗೆ ಸೇರಿದರು. 1807ರಿಂದ ಬಂಗಾಳ, ಬಿಹಾರದ ಸರ್ವೆ ಮಾಡುವಾಗ ಸಿಕ್ಕ ಮೀನುಗಳನ್ನೆಲ್ಲ ಪರೀಕ್ಷಿಸಿ, ರೆಕ್ಕೆಯ ಕಡ್ಡಿ ಎಣಿಸಿ, ಮೀಸೆ ಎಷ್ಟು ಅಂತ ನೋಡಿ ಬರೆದಿಟ್ಟರು. ಚಿತ್ರಗಾರರಿಂದ ಚಿತ್ರವನ್ನೂ ಬರೆಸಿದರು. ನನಗೆ ಬಹಳ ಹಿಡಿಸಿದ್ದು ಏನೆಂದರೆ, ಎಷ್ಟೋ ಮೀನಿಗೆ ಅಲ್ಲಿಯ ಜನರ ಹೆಸರನ್ನೇ ಇಟ್ಟರು. ಕೆರೆಗಳಿಗೆ ಮರಿ ಬಿಡುತ್ತಾರಲ್ಲ, ಆ ರೋಹು, ಕಾಟ್ಲಾ, ಮೃಗಾಲ್ ಮೂರಕ್ಕೂ ಶಾಸ್ತ್ರದ ಹೆಸರು ಕೊಟ್ಟವರು ಇವರೇ!

1815ರಲ್ಲಿ ಊರಿಗೆ ಹೊರಟಾಗ ಸರ್ಕಾರ ಅವರ ಚಿತ್ರಗಳಲ್ಲಿ ಹಲವನ್ನು ಕೊಡಲೇ ಇಲ್ಲ. ವರ್ಷಗಟ್ಟಲೆ ದುಡಿದವನಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಬಾಟಲಿಯಲ್ಲಿ ಕಾಪಿಟ್ಟ ಮೀನುಗಳೂ ಇರಲಿಲ್ಲ. ಆದರೂ ಕೂತು ಬರೆದು, 1822ರಲ್ಲಿ ಗಂಗಾನದಿಯ ಮೀನುಗಳ ದೊಡ್ಡ ಪುಸ್ತಕ ಹೊರತಂದರು. ಅಷ್ಟರಲ್ಲಿ ತಾಯಿಯ ಕಡೆಯ ಆಸ್ತಿ ಬಂದು ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡಿದ್ದರು. ಮೀನಿನ ಪುಸ್ತಕಗಳಲ್ಲಿ ಬರುವ ಹ್ಯಾಮಿಲ್ಟನ್ ಬೇರೆಯಲ್ಲ, ಇದೇ ಬುಕಾನನ್.

ಆ ಪುಸ್ತಕದಲ್ಲಿ ಕೋಸಿ ನದಿಯ ಒಂದು ಪುಟಾಣಿ ಮೀನಿದೆ. ಉದ್ದ 3-4 ಸೆಂಟಿಮೀಟರ್, ಮೈತುಂಬ ನೀಲಿ ಪಟ್ಟೆ. ಇವರು ಅದನ್ನು ರೋಹು ಜೊತೆಗೇ ಸಿಪ್ರಿನಸ್ ಎಂಬ ಗೆಂಡೆ ಮೀನಿನ ಗುಂಪಿಗೆ ಹಾಕಿ ರೇರಿಯೊ ಎಂದು ಕರೆದರು. ಆ ಗುಂಪಿನೊಳಗೆ ಡ್ಯಾನಿಯೊ ಅಂತ ಒಂದು ಚಿಕ್ಕ ಪಂಗಡವನ್ನೂ ಮಾಡಿದರು. ಯಾರು ಯಾರಿಗೆ ಹತ್ತಿರದ ನೆಂಟ, ಎಲ್ಲರಿಗೂ ಒಂದೇ ಪೂರ್ವಜರಿದ್ದರೇ ಎಂದು ಆಗ ಹುಡುಕುತ್ತಿರಲಿಲ್ಲ. ಡಾರ್ವಿನ್ ಪುಸ್ತಕ ಬಂದದ್ದು 1859ರಲ್ಲಿ. ಇವರು 1829ರಲ್ಲೇ ತೀರಿಕೊಂಡರು.

ಆಮೇಲೆ ಆ ಮೀನಿನ ಮನೆ ಎಷ್ಟು ಸಲ ಬದಲಾಯಿತು ಗೊತ್ತಾ? 1916ರಲ್ಲಿ ಬ್ರಾಕಿಡ್ಯಾನಿಯೊ ಎಂಬ ಹೊಸ ಪಂಗಡ ಮಾಡಿದರು. ಪಟ್ಟೆ ಮೀನನ್ನೂ ಅದರೊಳಗೆ ಸೇರಿಸಿದರು. 1990ರ ದಶಕದಲ್ಲಿ ಮತ್ತೆ ಡ್ಯಾನಿಯೊಗೇ ತಂದರು. 2003ರಲ್ಲಿ ಮೂಳೆಗಳನ್ನು ಹೋಲಿಸಿ ನೋಡಿ, ಅಗಲ ಮೈಯ ಮೀನುಗಳನ್ನು ಡೆವಾರಿಯೊ ಎಂದು ಬೇರೆ ಮಾಡಿದರು. ಡಿ.ಎನ್.ಎ. ನೋಡಿದ ಮೇಲೆ ಇವೆಲ್ಲ ಸೇರಿದ ಡ್ಯಾನಿಯೊನಿಡೇ ಎಂಬ ಕುಟುಂಬವನ್ನೇ ಗೆಂಡೆ ಕುಟುಂಬದಿಂದ ಹೊರಗಿಡುವವರು ಈಗ ಹಲವರು. 2013ರಲ್ಲಿ ಪಟ್ಟೆ ಮೀನಿನ ಜೀನುಗಳನ್ನು ಓದಿದಾಗ, ಮನುಷ್ಯನ ಜೀನುಗಳಲ್ಲಿ ಸುಮಾರು 70 ಭಾಗಕ್ಕೆ ಅದರಲ್ಲಿ ಜೋಡಿ ಸಿಕ್ಕಿತು. ಅದಕ್ಕೇ ರೋಗಗಳ ಅಧ್ಯಯನಕ್ಕೆ ಪ್ರಯೋಗಾಲಯಗಳಲ್ಲಿ ಅದನ್ನು ಸಾಕುತ್ತಾರೆ.

ಪಟ್ಟೆ ಮೀನಿನ ನೆಂಟ ನಮ್ಮ ರಾಜ್ಯದಲ್ಲೂ ಇದೆ. ಹಿಂದೆ ಡ್ಯಾನಿಯೊ, ಈಗ ಡೆವಾರಿಯೊ ಮಲಬಾರಿಕಸ್. ಮಲೆನಾಡಿನ ನೆಂಟರ ಮನೆಗೆ ಹೋದವರು ತಿಳಿನೀರಿನ ತೊರೆಯಲ್ಲಿ ನೋಡಿ, ಮೈಮೇಲೆ ನೀಲಿ, ಹಳದಿ ಗೆರೆಗಳಿರುತ್ತವೆ.