ಹೆರ್ಮನ್ ಮೋಗ್ಲಿಂಗರು

ಪುರ್ತಗೇರಿ, ಗಜೇಂದ್ರಗಡ, ರೋಣಗಳ ಒಕ್ಕಲು ಮಕ್ಕಳಿಗೆ ಬೆಟಗೇರಿಯ ಜರ್ಮನ್ ಆಸ್ಪತ್ರೆಯ ಹೆಸರು ಹೊಸದಲ್ಲ. ಆ ಆಸ್ಪತ್ರೆಯು ಏಳುವದಕ್ಕೆ ಬಹು ಮೊದಲು, 1841ರಲ್ಲಿಯೇ, ಬಾಸೆಲ್ ಮಿಶನ್ನಿನ ಪಾದ್ರಿಗಳು ಬೆಟಗೇರಿಯಲ್ಲಿ ನೆಲೆಯೂರಿದ್ದರು. ಸಮೀಪದ ಮಲ್ಲಸಮುದ್ರದಲ್ಲಿ ಬೇಸಾಯವನ್ನೇ ಆಧಾರವಾಗಿಟ್ಟುಕೊಂಡ ಒಂದು ವಸತಿಯನ್ನು ಕಟ್ಟಲು ಅವರು ಅದೇ ವರ್ಷ ಯತ್ನಿಸಿದರು. ಕಾಲಜ್ಞಾನದ ವಾಕ್ಯಗಳಲ್ಲಿ ನಂಬಿಗೆಯಿಟ್ಟ ಕೆಲವು ಜನರು ಆ ದಿನಗಳಲ್ಲಿ ಪಾದ್ರಿಗಳ ಬಳಿಗೆ ಬಂದು ಹೋಗುತ್ತಿದ್ದುದು ಆ ಯತ್ನಕ್ಕೆ ಕಾರಣವಾಗಿದ್ದಿತು. ವಸತಿಯು ಎಣಿಸಿದಂತೆ ಬೆಳೆಯಲಿಲ್ಲ. ಎರೆಭೂಮಿಯ ಒಕ್ಕಲಿಗನು ಮಳೆಯನ್ನೂ ಎತ್ತುಗಳನ್ನೂ ತನ್ನ ಮಠಮಾನ್ಯಗಳನ್ನೂ ಒಟ್ಟಿಗೆ ನೆಚ್ಚಿ ಬಾಳುವವನು. ಕೇವಲ ಉಪದೇಶಕ್ಕೆ ಅವನ ಬಾಳು ಬೇರೆ ದಾರಿ ಹಿಡಿಯುವದು ಸುಲಭವಲ್ಲ. ಧರ್ಮಬೋಧೆಯು ಊರಿನ ನಿತ್ಯಜೀವನದೊಳಗೆ ಇಳಿಯಬೇಕಾದರೆ ಏನು ತೆರಬೇಕೆಂಬದನ್ನು ಆ ಮಿಶನ್ನಿನವರಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಅನುಭವಿಸಿದವರು ಹೆರ್ಮನ್ ಮೋಗ್ಲಿಂಗರು.

ಮೋಗ್ಲಿಂಗರು 1811ನೆಯ ಇಸವಿ ಮೇ 29ರಂದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಲ್ಲಿ ಜನಿಸಿದರು. ಟ್ಯೂಬಿಂಗೆನ್ನಿನಲ್ಲಿ ದೇವತಾಶಾಸ್ತ್ರವನ್ನು ಓದಿ, 1836ರಲ್ಲಿ ಮಂಗಳೂರಿಗೆ ಬಂದರು. ಕೆಲಕಾಲ ಧಾರವಾಡ ಸೀಮೆಯಲ್ಲಿಯೂ ಇದ್ದು ಕನ್ನಡವನ್ನು ಜನರ ಬಾಯಿಂದಲೇ ಕಲಿತರು. ಮಂಗಳೂರಿನಲ್ಲಿ ಹುಡುಗರ ಶಾಲೆಯನ್ನು ನಡೆಯಿಸುವಾಗ ಅವರೂ ಅವರ ಮಿತ್ರ ವೈಗ್ಲೆಯವರೂ ಬಂಗಲೆಯ ಬಾಳನ್ನು ದೂರವಿಟ್ಟು ವಿದ್ಯಾರ್ಥಿಗಳೊಡನೆಯೇ ವಾಸಿಸಿ, ಅವರ ಊಟವನ್ನೇ ಉಂಡರು. ಕೂಡಿ ಉಣ್ಣುವದರ ಅರ್ಥವು ಈ ನಾಡಿನಲ್ಲಿ ಎಷ್ಟು ದೊಡ್ಡದೆಂಬದನ್ನು ಶರಣರ ಚರಿತ್ರೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

1843ನೆಯ ಇಸವಿ ಜುಲೈ 1ರಂದು ಅವರು ಹೊರಡಿಸಿದ ಮಂಗಳೂರ ಸಮಾಚಾರವು ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿತವಾದ ಆ ಪಾಕ್ಷಿಕದಲ್ಲಿ ಊರ ವರ್ತಮಾನ, ಸರಕಾರದ ನಿರೂಪ, ಪರದೇಶದ ಸುದ್ದಿ, ಗಾದೆಗಳು ಇವೆಲ್ಲ ಬರುತ್ತಿದ್ದವು. ಹಳ್ಳಿಗರ ಬಾಯಲ್ಲಿದ್ದ ಗಾದೆಗಳನ್ನು ಅವರು ಬೇರೆಯಾಗಿಯೂ ಕೂಡಿಸಿ ಅಚ್ಚುಹಾಕಿಸಿದರು. ಅಂತೆಯೇ ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ದ್ರವ್ಯಸಹಾಯದಿಂದ, 1848ರಿಂದೀಚೆಗೆ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ, ಚೆನ್ನಬಸವಪುರಾಣಗಳನ್ನು ಪ್ರಕಟಿಸಿದರು. ಪರಮತದ ಪ್ರಚಾರಕ್ಕೆಂದು ಬಂದವರೊಬ್ಬರು ಬಸವಣ್ಣನವರ ಪುರಾಣವನ್ನು ಓಲೆಗರಿಯಿಂದ ಕಾಗದಕ್ಕೆ ತಂದದ್ದು ವಿಚಿತ್ರವೆನಿಸಬಹುದು. ಜನರ ಮನಸ್ಸನ್ನು ಅರಿಯುವದು ಅವರ ಮೊದಲಿನ ಉದ್ದೇಶವಾಗಿದ್ದಿರಬೇಕು. ಆದರೂ ಗ್ರಂಥಗಳು ಉಳಿದವು. ಈ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು.

ಅವರ ಬಾಳಿನಲ್ಲಿ ನೋವಿನ ಪ್ರಸಂಗಗಳೂ ಇವೆ. 1844ರಲ್ಲಿ ಆನಂದರಾಯ ಕೌಂಡಿನ್ಯರೆಂಬ ಬ್ರಾಹ್ಮಣ ತರುಣರು ಕ್ರೈಸ್ತರಾದಾಗ ಮಂಗಳೂರು ಕುದಿದೆದ್ದಿತು. ಕೌಂಡಿನ್ಯರ ಹೆಂಡತಿಯು ಅವರ ಹಿಂದೆ ಬರಲು ಒಪ್ಪಲಿಲ್ಲ. ನಂಬಿಗೆಗಾಗಿ ಮನೆ ತೊರೆದವನ ಧೈರ್ಯವನ್ನು ಕೊಂಡಾಡುವವರು ಆ ಮನೆಯಲ್ಲಿ ಉಳಿದವರ ಕಣ್ಣೀರನ್ನು ಮರೆಯಬಾರದು. ಮೋಗ್ಲಿಂಗರು ಮಾತ್ರ ತಮ್ಮ ಶಿಷ್ಯನ ಕೈ ಬಿಡದೆ, ಬಾಸೆಲ್ಲಿಗೆ ಕರೆದೊಯ್ದು ಓದಿಸಿದರು. ಅವರು 1851ರಲ್ಲಿ ದೀಕ್ಷಿತ ಪಾದ್ರಿಯಾದರು.

1853ರಲ್ಲಿ ಕೊಡಗಿನ ಆಲ್ಮಂಡ ಮನೆತನದ ಸೋಮಯ್ಯನವರ ನಿಮಿತ್ತವಾಗಿ ಮೋಗ್ಲಿಂಗರು ಆ ನಾಡಿಗೆ ಹೋದರು. ಕ್ರೈಸ್ತರಾದ ಸೋಮಯ್ಯನವರನ್ನು ಕುಲದವರು ಹೊರಗಿಟ್ಟರು. ಮುಂದೆ ಅಲ್ಲಿ ಪಾದ್ರಿಗಳ ಬಳಿಗೆ ಬಂದವರು ಬೇರೊಂದು ವರ್ಗದವರು. ಆಗ ಹೊಲೆಯರೆಂದು ಕರೆಯಲ್ಪಡುತ್ತಿದ್ದ ಆ ಜನರು ತಲೆತಲಾಂತರದಿಂದ ಒಡೆಯರ ಗದ್ದೆಗಳಿಗೆ ಕಟ್ಟುಬಿದ್ದವರು. 1843ರ ಕಾಯಿದೆಯು ದಾಸ್ಯವನ್ನು ಅಮಾನ್ಯಮಾಡಿದ್ದರೂ, ಗುಡಿಸಲೂ ಗದ್ದೆಯೂ ಒಡೆಯನದೇ ಆಗಿರುವಾಗ ಕಾಯಿದೆಯಿಂದ ಹೊಟ್ಟೆ ತುಂಬುವಂತಿರಲಿಲ್ಲ. ಒಡೆಯನ ಮನಸ್ಸಿಗೆ ವಿರೋಧವಾಗಿ ನಡೆದವನು ಮರುದಿನ ಎಲ್ಲಿ ನಿಲ್ಲಬೇಕು, ಏನು ಉಣ್ಣಬೇಕು? ಈ ಪ್ರಶ್ನೆಗೆ ಪ್ರಸಂಗಪೀಠದಲ್ಲಿ ಉತ್ತರವಿರಲಿಲ್ಲ. ಆದಕಾರಣ ಮೋಗ್ಲಿಂಗರು ಅಮ್ಮತ್ತಿಯ ಹತ್ತಿರ ಭೂಮಿಯನ್ನು ಪಡೆದು ಆನಂದಪುರವೆಂಬ ಊರನ್ನು ಕಟ್ಟಿದರು. ಕಾಡು ಕಡಿದು ಕಾಫಿಯ ತೋಟವನ್ನು ಹಾಕಿ, ಬಂದವರಿಗೆ ವಸತಿಯನ್ನೂ ಕೂಲಿಯನ್ನೂ ಒದಗಿಸಿದರು.

ಇಲ್ಲಿಯೇ ಒಂದು ಬಿಕ್ಕಟ್ಟು ಇದ್ದಿತು. ಸಹೋದರನಾಗಿ ಬಾಳಬಯಸಿದವರು ಈಗ ಕೆಲಸ ಕೊಡುವ ಯಜಮಾನರೂ ಆಗಬೇಕಾಯಿತು. ಬೆಳಿಗ್ಗೆ ಪ್ರಾರ್ಥನೆಗೆ ಕೂಡಿಸಿದವರೇ ಸಂಜೆ ಕೂಲಿಯ ಲೆಕ್ಕ ನೋಡಬೇಕು. ಮೈಗಳ್ಳನನ್ನು ಗದರಿಸಬೇಕು, ಬೆಳೆ ಕೆಟ್ಟರೆ ಸಾಲದ ಚಿಂತೆಯನ್ನೂ ಹೊರಬೇಕು. ಅನ್ನಕ್ಕಾಗಿ ಬಂದವನಾರು, ನಂಬಿಗೆಯಿಂದ ಬಂದವನಾರು ಎಂಬದನ್ನು ಬೇರ್ಪಡಿಸುವದು ಯಾರಿಂದಲೂ ಆಗುವಂತಿರಲಿಲ್ಲ. ಆದರೂ ಹಸಿದವನ ಮುಂದೆ ಆ ಪ್ರಶ್ನೆಯನ್ನು ಎತ್ತದೆ ಮೋಗ್ಲಿಂಗರು ಮೊದಲು ನೆಲವನ್ನು ಕೊಟ್ಟದ್ದು ಸರಿಯಾದ ನಡೆಯೇ ಸರಿ.

ವೈಗ್ಲೆಯವರು 1855ರಲ್ಲಿ ತೀರಿಕೊಂಡಿದ್ದರು. ಅವರ ವಿಧವೆಯಾದ ಪಾಲೀನರನ್ನು ಮೋಗ್ಲಿಂಗರು ವಿವಾಹವಾದರು. ಪತ್ನಿಯ ದೇಹಸ್ಥಿತಿಯು ಕೆಟ್ಟದ್ದರಿಂದ 1860ರಲ್ಲಿ ಅವರು ಜರ್ಮನಿಗೆ ಹಿಂದಿರುಗಬೇಕಾಯಿತು; ಮತ್ತೆ ಬರುವ ಯೋಗವು ಕೂಡಿಬರಲಿಲ್ಲ. ಆನಂದಪುರದ ಭಾರವು ಅವರ ಶಿಷ್ಯರಾದ ಕೌಂಡಿನ್ಯರ ಮೇಲೆ ಬಿದ್ದಿತು. ಮೋಗ್ಲಿಂಗರು 1881ನೆಯ ಇಸವಿ ಮೇ 10ರಂದು ಎಸ್ಲಿಂಗೆನ್ನಿನಲ್ಲಿ ತೀರಿಕೊಂಡರು, ಕೌಂಡಿನ್ಯರು 1893ರಲ್ಲಿ. ಅಮ್ಮತ್ತಿಯ ಬಳಿ ಆನಂದಪುರವು ಅದೇ ಹೆಸರಿನಿಂದ ಇಂದಿಗೂ ಇದೆ.