ಅಯಸ್ಕಾಂತಕ್ಕೆ ಅಂಟದ ಸಿಲಿಕಾನ್‌ಗೆ ಅಯಸ್ಕಾಂತ ಏಕೆ? ಹರಳು ಎಳೆದ ಚೊಖ್ರಾಲ್ಸ್ಕಿಯ ಕಥೆ

ರಾಯಚೂರು ನಗರದ ಮನೆ ಮಾಳಿಗೆಗಳ ಮೇಲೆ, ದೇವದುರ್ಗ, ಮಾನ್ವಿ ಕಡೆಯ ಹೊಲಗಳಲ್ಲಿ ಪಂಪ್‌ಸೆಟ್ ಪಕ್ಕ ಈಗ ಸೋಲಾರ್ ಪ್ಯಾನೆಲ್ ಕಾಣುತ್ತೇವೆ. ಅವುಗಳಲ್ಲಿ 'ಮೊನೊ' ಎನ್ನುವ ಪ್ಯಾನೆಲ್‌ನ ಪ್ರತಿ ಬಿಲ್ಲೆಯೂ ಒಂದೇ ಹರಳಿನಿಂದ ಕೊಯ್ದ ಸಿಲಿಕಾನ್. ನಮ್ಮ ಮೊಬೈಲಿನ ಚಿಪ್ಪೂ ಹಾಗೆಯೇ. ಇಂಥ ಹರಳು ಬೆಳೆಸುವ ಕೆಲವು ಕುಲುಮೆಗಳ ಸುತ್ತ ಭಾರಿ ಅಯಸ್ಕಾಂತ ಇರುತ್ತದೆ. ಅದು ಸಿಲಿಕಾನನ್ನು ಸೆಳೆಯುತ್ತದೆ ಎಂದು ತಿಳಿದರೆ ತಪ್ಪು. ಹಾಗಾದರೆ ಅದರ ಕೆಲಸವೇನು? ಈ ವಿಧಾನ ಕಂಡುಹಿಡಿದ ವ್ಯಕ್ತಿಯಿಂದಲೇ ಶುರು ಮಾಡೋಣ.

ಬಡಗಿಯ ಮಗ

ಯಾನ್ ಚೊಖ್ರಾಲ್ಸ್ಕಿ ಹುಟ್ಟಿದ್ದು 1885ರಲ್ಲಿ, ಆಗ ಜರ್ಮನ್ ಆಳ್ವಿಕೆಯಲ್ಲಿದ್ದ ಪೋಲಿಷ್ ಊರು ಕ್ಸಿನ್ಯಾದಲ್ಲಿ. ತಂದೆ ಬಡಗಿ. ಬರ್ಲಿನ್‌ಗೆ ಹೋಗಿ ಔಷಧಿ ಅಂಗಡಿಯಲ್ಲಿ ದುಡಿದ ಯಾನ್, ಮುಂದೆ ಎಇಜಿ ಕಂಪನಿಯಲ್ಲಿ ಲೋಹಗಳ ಪರೀಕ್ಷೆಗೆ ಸೇರಿದರು.

1916ರಲ್ಲಿ ಅವರು ಶಾಯಿ ಕುಡಿಕೆ ಎಂದುಕೊಂಡು ಪೆನ್ನನ್ನು ಕರಗಿದ ತವರದಲ್ಲಿ ಅದ್ದಿದರು, ಎತ್ತಿದಾಗ ತೆಳ್ಳನೆಯ ಲೋಹದ ಎಳೆ ಬಂತು ಎಂಬ ಕಥೆ ಎಲ್ಲೆಡೆ ಇದೆ. ಆದರೆ ಕೈತಪ್ಪಿನಿಂದಷ್ಟೇ ವಿಜ್ಞಾನ ಆಗುವುದಿಲ್ಲ. ತವರ, ಸೀಸ, ಸತುವನ್ನು ಎಷ್ಟು ವೇಗದಲ್ಲಿ ಎಳೆದರೆ ಎಳೆ ತುಂಡಾಗದೆ ಬರುತ್ತದೆ ಎಂದು ಅವರು ಅಳೆದರು. ಆ ಲೇಖನ 1918ರಲ್ಲಿ ಪ್ರಕಟವಾಯಿತು.

1928ರ ಹೊತ್ತಿಗೆ ಅವರು ಪೋಲೆಂಡ್‌ಗೆ ಮರಳಿ, ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಎರಡನೆಯ ಮಹಾಯುದ್ಧದ ನಂತರ ಜರ್ಮನ್ನರ ಜೊತೆ ಕೈಜೋಡಿಸಿದರೆಂಬ ಆರೋಪದಲ್ಲಿ ಬಂಧನವಾಯಿತು. ಸಾಕ್ಷ್ಯವಿಲ್ಲದೆ ಬಿಡುಗಡೆಯಾದರೂ ವಿಶ್ವವಿದ್ಯಾಲಯ ಮತ್ತೆ ಸೇರಿಸಿಕೊಳ್ಳಲಿಲ್ಲ. ಅವರು ಹುಟ್ಟೂರಿಗೆ ಬಂದು ಸಣ್ಣ ರಾಸಾಯನಿಕ ಕಾರ್ಖಾನೆ ನಡೆಸಿದರು. 1953ರಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಅಷ್ಟರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಗಾರ್ಡನ್ ಟೀಲ್ ಮತ್ತು ಸಂಗಡಿಗರು ಅವರ ವಿಧಾನದಿಂದಲೇ ಜರ್ಮೇನಿಯಂ, ಬಳಿಕ ಸಿಲಿಕಾನ್ ಹರಳು ಬೆಳೆಸಿದ್ದರು.

ಕುಲುಮೆಯೊಳಗಿನ ತೊಂದರೆ

ಕಲ್ಲುಸಕ್ಕರೆ ದಾರದ ಸುತ್ತ ಬೆಳೆಯುವುದು ನಮಗೆ ಗೊತ್ತು. ಇಲ್ಲಿ ದಾರದ ಬದಲು ಸಣ್ಣ ಬೀಜ ಹರಳು. ಅದನ್ನು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸಿಲಿಕಾನ್‌ಗೆ ತಾಗಿಸಿ, ತಿರುಗಿಸುತ್ತ ನಿಮಿಷಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮೇಲೆಳೆಯುತ್ತಾರೆ.

ಆದರೆ ಒಲೆಯ ಮೇಲಿನ ಅಂಬಲಿಯಂತೆ ಆ ದ್ರವವೂ ಸುಮ್ಮನಿರುವುದಿಲ್ಲ. ಬಿಸಿಯಾದದ್ದು ಮೇಲೇರುತ್ತದೆ, ತಂಪಾದದ್ದು ಕೆಳಗಿಳಿಯುತ್ತದೆ. ಇದರಿಂದ ಹರಳು ಗಟ್ಟಿಯಾಗುವ ಜಾಗದ ಉಷ್ಣತೆ ಏರಿಳಿದು, ಬೆರೆಸಿದ ಅಂಶಗಳು ಪಟ್ಟೆಪಟ್ಟೆಯಾಗಿ ಸೇರುತ್ತವೆ. ಸ್ಫಟಿಕಶಿಲೆಯ ಮೂಸೆಯ ಗೋಡೆಯಿಂದ ಕರಗಿದ ಆಮ್ಲಜನಕವೂ ಹರಳಿಗೆ ಬರುತ್ತದೆ.

ಅಯಸ್ಕಾಂತ ಮಾಡುವುದೇನು?

ಹಳೆಯ ಕರೆಂಟ್ ಮೀಟರ್‌ನಲ್ಲಿ ತಿರುಗುವ ಅಲ್ಯೂಮಿನಿಯಂ ಚಕ್ರ ನೆನಪಿಸಿಕೊಳ್ಳಿ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆದರೂ ಒಳಗಿನ ಅಯಸ್ಕಾಂತ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ವಿದ್ಯುತ್ ಹರಿಯಬಲ್ಲ ವಸ್ತು ಕಾಂತಕ್ಷೇತ್ರದಲ್ಲಿ ಚಲಿಸಿದರೆ ಅದರೊಳಗೆ ವಿದ್ಯುತ್ ಹುಟ್ಟಿ, ಆ ಚಲನೆಯನ್ನೇ ತಡೆಯುತ್ತದೆ. ಕರಗಿದ ಸಿಲಿಕಾನ್ ಲೋಹದಂತೆ ವಿದ್ಯುತ್ ಒಯ್ಯುತ್ತದೆ. ಹಾಗಾಗಿ ಕಾಂತಕ್ಷೇತ್ರ ಅದರ ಓಡಾಟಕ್ಕೂ ಬ್ರೇಕ್. ಕ್ಷೇತ್ರದ ದಿಕ್ಕು, ಬಲ ಬದಲಿಸಿ ಆಮ್ಲಜನಕ ಎಷ್ಟು ಸೇರಬೇಕೆಂಬುದನ್ನೂ ಹಿಡಿತದಲ್ಲಿಡಬಹುದು.

1966ರಲ್ಲಿ ಬೇರೆ ವಸ್ತುವಿನ ಮೇಲೆ ಈ ಪ್ರಯೋಗ ನಡೆಯಿತು. 1980ರ ಸುಮಾರಿಗೆ ಜಪಾನಿನ ಸೋನಿ ಕಂಪನಿ ಸಿಲಿಕಾನ್‌ಗೆ ಬಳಸಿತು. ಚಿಪ್‌ಗಳ ದೊಡ್ಡ ಹರಳುಗಳಿಗೆ ಇದು ಹೆಚ್ಚು ಬೇಕು. ಪ್ರತಿ ಸೋಲಾರ್ ಪ್ಯಾನೆಲ್ ಹೀಗೆ ತಯಾರಾದದ್ದಲ್ಲ.

ಹಾಗಾದರೆ ಪ್ಯಾನೆಲ್‌ಗೆ ಅಯಸ್ಕಾಂತ ಅಂಟಿಸಿದರೆ ಹೆಚ್ಚು ಕರೆಂಟ್ ಬರುತ್ತದೆಯೇ? ಇಲ್ಲ. ಈ ಬ್ರೇಕ್ ಕೆಲಸ ಮಾಡುವುದು ಸಿಲಿಕಾನ್ ದ್ರವವಾಗಿರುವಾಗ ಮಾತ್ರ. ಹೊಲದ ಪ್ಯಾನೆಲ್‌ಗೆ ಬೇಕಾದ್ದು ದೂಳು ಒರೆಸುವ ಬಟ್ಟೆ.

ಚೊಖ್ರಾಲ್ಸ್ಕಿ ಮೇಲಿನ ಕಳಂಕವನ್ನು ವಾರ್ಸಾ ತಾಂತ್ರಿಕ ವಿಶ್ವವಿದ್ಯಾಲಯ ತೊಡೆದದ್ದು 2011ರಲ್ಲಿ, ಅವರು ತೀರಿಕೊಂಡ 58 ವರ್ಷಗಳ ನಂತರ. ಪೋಲೆಂಡ್ ಸಂಸತ್ತು 2013ನ್ನು ಅವರ ಹೆಸರಿನ ವರ್ಷವೆಂದು ಘೋಷಿಸಿತು. ಅಷ್ಟು ದಿನವೂ ಅವರ ಹರಳುಗಳು ಜಗತ್ತಿನ ಕಂಪ್ಯೂಟರ್‌ಗಳನ್ನು ನಡೆಸುತ್ತಲೇ ಇದ್ದವು.