ಸಂಗದಲ್ಲಿ ನೆಲೆಗೊಂಡ ಸಂಕಲ್ಪ: ವಚನ ಪಿತಾಮಹ ಫ. ಗು. ಹಳಕಟ್ಟಿಯವರ ಜೀವನ

ಸತ್ಕಾರ್ಯದ ಸಂಕಲ್ಪವನ್ನು ಮಾಡದ ಗೃಹಸ್ಥನು ವಿರಳ. ನಿತ್ಯವೂ ಲಿಂಗಪೂಜೆಯ ಬಳಿಕ ಒಂದು ವಚನವನ್ನಾದರೂ ಓದಬೇಕು, ಮಕ್ಕಳಿಗೆ ಅದರ ಅರ್ಥವನ್ನು ತಿಳಿಸಬೇಕು, ಕಾಯಕದ ಫಲದಲ್ಲಿ ಒಂದು ಪಾಲನ್ನು ದಾಸೋಹಕ್ಕೆ ತೆಗೆದಿರಿಸಬೇಕು ಎಂದು ನಿಶ್ಚಯಿಸುವವರು ಬಹು ಮಂದಿ. ಆ ನಿಶ್ಚಯವನ್ನು ವರ್ಷ ತುಂಬುವವರೆಗೆ ನಡೆಸಿಕೊಂಡು ಬರುವವರು ಮಾತ್ರ ಕೆಲವರೇ. ಇದಕ್ಕೆ ಮನೋಬಲದ ಕೊರತೆಯೊಂದೇ ಕಾರಣವೆಂದು ಭಾವಿಸಿ ನಾವು ನಮ್ಮನ್ನು ಹಳಿದುಕೊಳ್ಳುತ್ತೇವೆ. ನಮ್ಮ ಸುತ್ತ ಯಾರಿದ್ದಾರೆ, ಅವರ ನಡುವೆ ಯಾವ ಕೆಲಸವು ಸಹಜವೆನಿಸಿದೆ ಎಂಬುದನ್ನು ವಿಚಾರಿಸುವುದಿಲ್ಲ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯಲ್ಲಿ ಕಾಫಿ ಬೆಳೆಯುವ ನಮ್ಮ ಬಂಧುಗಳಿಗೆ ಈ ವಿಷಯವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕಾಫಿಯ ಗಿಡವು ತನ್ನ ಬೇರಿನಿಂದಲೇ ಬೆಳೆಯುವುದಾದರೂ ಅದರ ಬಾಳು ಮೇಲಿನ ಮರದ ನೆರಳನ್ನು ಅವಲಂಬಿಸಿದೆ. ನೆರಳಿಲ್ಲದಿದ್ದರೆ ಗಿಡವು ಬಿಸಿಲಿಗೆ ಬಸವಳಿಯುತ್ತದೆ. ನೆರಳು ಅತಿಯಾದರೆ ಹೂವು ಕಾಯಿ ಕಡಮೆಯಾಗುತ್ತವೆ. ಆದುದರಿಂದಲೇ ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿಸಿ ಬೆಳಕನ್ನು ಅಳತೆಯಾಗಿ ಒಳಬಿಡುತ್ತೇವೆ. ಮನುಷ್ಯನ ಸಂಕಲ್ಪಕ್ಕೆ ಸಂಗವೆಂಬುದು ಇಂತಹ ನೆರಳು. ಶರಣರು ಸಜ್ಜನರ ಸಂಗಕ್ಕೆ ಅಷ್ಟೊಂದು ಹಿರಿಮೆಯನ್ನು ಕೊಟ್ಟುದು ವ್ಯರ್ಥವಲ್ಲ. ಈ ಮಾತಿಗೆ ನಿದರ್ಶನವನ್ನು ಬಹು ಹಿಂದಿನ ಕಾಲದಲ್ಲಿ ಹುಡುಕಬೇಕಾಗಿಲ್ಲ. ಶರಣರ ವಚನಗಳನ್ನೇ ನಮಗೆ ಉಳಿಸಿಕೊಟ್ಟ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಬಾಳಿನಲ್ಲಿ ಅದು ದೊರೆಯುತ್ತದೆ.

ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಎಳೆತನದಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನನ್ನು ಅಜ್ಜಿಯವರು ಸಲಹಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಗ್ರಂಥಗಳನ್ನು ಬರೆದವರು. ಆ ಕಾಲದಲ್ಲಿ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಅಲ್ಲಿ ಮರಾಠಿಯ ಪ್ರಭಾವದ ಮುಂದೆ ಕನ್ನಡವು ತಲೆಯೆತ್ತಲು ಹೆಣಗುತ್ತಿದ್ದಿತು. ಫಕೀರಪ್ಪನಿಗೆ ಹತ್ತು ವರ್ಷ ತುಂಬಿದ 1890ರಲ್ಲಿ ಆ ಊರಿನಲ್ಲಿಯೇ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಮನೆಯಲ್ಲಿ ತಂದೆಯು ಕನ್ನಡದಲ್ಲಿ ಬರೆಯುತ್ತಿರುವಾಗ, ಊರಿನಲ್ಲಿ ಹಿರಿಯರು ಕನ್ನಡಕ್ಕಾಗಿ ಕೂಡುತ್ತಿರುವಾಗ, ನುಡಿಯ ಸೇವೆಯು ಬಾಲಕನಿಗೆ ಅಸಾಧಾರಣವಾದ ತ್ಯಾಗವೆಂದು ತೋರಲು ಎಡೆಯಿರಲಿಲ್ಲ. ಅದು ದೊಡ್ಡವರೆಲ್ಲರೂ ಮಾಡುವ ಕೆಲಸದಂತೆ ಕಂಡಿರಬೇಕು. ಸಂಗದ ಮೊದಲನೆಯ ಉಪಕಾರವು ಇದು. ಕಷ್ಟವಾದುದನ್ನು ಅದು ವಾಡಿಕೆಯನ್ನಾಗಿ ಮಾಡುತ್ತದೆ.

ಉನ್ನತ ವ್ಯಾಸಂಗಕ್ಕಾಗಿ ಹಳಕಟ್ಟಿಯವರು ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. 1901ರಲ್ಲಿ ಬಿ.ಎ. ಪದವಿಯನ್ನೂ, 1904ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ಮುಂದೆ ಕನ್ನಡಕುಲ ಪುರೋಹಿತರೆಂದು ಹೆಸರಾದ ಆಲೂರ ವೆಂಕಟರಾಯರ ಪರಿಚಯವು ಅವರಿಗೆ ಅಲ್ಲಿಯೇ ಒದಗಿತು. ಗುಜರಾತಿ ಮತ್ತು ಮರಾಠಿ ಜನರು ತಂತಮ್ಮ ನುಡಿಗಳ ವಿಷಯದಲ್ಲಿ ತೋರುತ್ತಿದ್ದ ಅಭಿಮಾನವನ್ನು ಅವರು ಕಣ್ಣಾರೆ ಕಂಡರು. ಪರರ ಉತ್ಸಾಹವನ್ನು ಕಂಡು ಅಸೂಯೆಪಡುವವರುಂಟು, ಎದೆಗುಂದುವವರುಂಟು. ಅದನ್ನು ತನ್ನ ಮನೆಯ ದೀಪಕ್ಕೆ ಕಿಡಿಯನ್ನಾಗಿ ತಂದುಕೊಳ್ಳುವವನೇ ಬುದ್ಧಿವಂತ. ಹಳಕಟ್ಟಿಯವರು ಮೂರನೆಯ ದಾರಿಯನ್ನು ಹಿಡಿದರು. ಸತ್ಸಂಗವೆಂದರೆ ನಮ್ಮವರ ಸಂಗವೇ ಆಗಬೇಕೆಂಬ ನಿಯಮವಿಲ್ಲವೆಂಬುದನ್ನು ಇದರಿಂದ ತಿಳಿಯಬಹುದು.

ಪದವಿಯನ್ನು ಪಡೆದ ಮೇಲೆ ಅವರು ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ವಿಜಯಪುರದಲ್ಲಿ ನೆಲೆಸಿ ವಕೀಲಿವೃತ್ತಿಯನ್ನು ಕೈಕೊಂಡರು. ಮುಂದೆ ಸರಕಾರಿ ವಕೀಲರೂ ಆದರು. ಸುಖವಾಗಿ ಬದುಕುವುದಕ್ಕೆ ಅಷ್ಟು ಸಾಕಾಗಿತ್ತು. ಆದರೆ ಬನಹಟ್ಟಿಯ ಸೀಮೆಯಲ್ಲಿ ಮಂಚಾಲೆಯವರ ಮನೆಯಲ್ಲಿ ಅವರ ಕಣ್ಣಿಗೆ ಬಿದ್ದ ತಾಡವೋಲೆಯ ಕಟ್ಟುಗಳು ಅವರ ಬಾಳಿನ ದಿಕ್ಕನ್ನೇ ಬದಲಿಸಿದವು. ಪ್ರಭುದೇವರ ವಚನಗಳನ್ನೂ ಷಟ್‌ಸ್ಥಲದ ತತ್ತ್ವವನ್ನೂ ಒಳಗೊಂಡ ಆ ಓಲೆಗಳನ್ನು ಓದಿದಾಗ, ಇಂತಹ ನಿಧಿಯು ಇನ್ನೆಷ್ಟು ಮನೆಗಳಲ್ಲಿ ಅಡಗಿದೆಯೋ ಎಂಬ ಚಿಂತೆಯು ಅವರನ್ನು ಹಿಡಿಯಿತು.

ಇಲ್ಲಿ ಒಂದು ಮಾತನ್ನು ನಾವು ಮರೆಯಲಾಗದು. ಆ ಓಲೆಗಳನ್ನು ಅದುವರೆಗೆ ಕಾಪಾಡಿಕೊಂಡು ಬಂದವರು ಪಂಡಿತರು ಮಾತ್ರವಲ್ಲ. ಮಠಗಳಲ್ಲಿ ಪೂಜ್ಯರೂ ಮನೆಗಳಲ್ಲಿ ಸಾಮಾನ್ಯ ಗೃಹಸ್ಥರೂ ಅವುಗಳನ್ನು ತಲೆಮಾರುಗಳಿಂದ ಉಳಿಸಿಕೊಂಡಿದ್ದರು. ಎಷ್ಟೋ ಕಡೆ ಓದಬಲ್ಲವರು ಇಲ್ಲವಾಗಿದ್ದರೂ ಹಿರಿಯರ ಸ್ವತ್ತೆಂದು ಜಗುಲಿಯ ಮೇಲಿಟ್ಟು ವಿಭೂತಿ ಧರಿಸಿ ಪೂಜಿಸುತ್ತಿದ್ದರು. ಅವರು ಹಳಕಟ್ಟಿಯವರಿಗೆ ಉಪದೇಶವನ್ನು ಮಾಡಲಿಲ್ಲ. ಕೈಗೆ ಕೆಲಸವನ್ನು ಕೊಟ್ಟರು. ಸಂಕಲ್ಪವು ಬಹುಕಾಲ ನಿಲ್ಲುವುದು ಹೊಗಳಿಕೆಯಿಂದಲ್ಲ, ಕೈಯಲ್ಲಿರುವ ಕೆಲಸದಿಂದ. ಓಲೆಯನ್ನು ನಂಬಿ ಒಪ್ಪಿಸಿದ ಮನೆಯವರಿಗೆ ಅದರ ಫಲವನ್ನು ತೋರಿಸಬೇಕಲ್ಲದೆ ಸುಮ್ಮನಿರಲು ಬರುವುದಿಲ್ಲ. ಹೀಗೆ ಊರೂರು ಅಲೆದು ಅವರು ಸಂಗ್ರಹಿಸಿದ ಹಸ್ತಪ್ರತಿಗಳು ಸಾವಿರದ ಎಣಿಕೆಯನ್ನು ಮುಟ್ಟಿದವು.

ಆದರೂ ಸಂಗವೇ ಎಲ್ಲವನ್ನೂ ಮಾಡಿತೆಂದರೆ ತಪ್ಪಾದೀತು. ಅಂತಹ ಓಲೆಗಳನ್ನು ಅವರಿಗಿಂತ ಮೊದಲು ಕಂಡವರು ಅನೇಕರಿದ್ದರು. ಕಂಡ ಮೇಲೆ ಸುಮ್ಮನಿರಲಾರದವರು ಹಳಕಟ್ಟಿಯವರು. ಬೀಜವು ತನ್ನದಾಗಿರಬೇಕು, ನೆರಳು ಬೀಜವಾಗಲಾರದು.

ಅಡ್ಡಿಗಳೂ ಕಡಮೆಯಿರಲಿಲ್ಲ. ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಅವರು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಿರುಗಿತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಗಿ 1923ರಲ್ಲಿ ಅದರ ಮೊದಲನೆಯ ಭಾಗವು ಹೊರಬಂದಿತು. ಪ್ರತಿ ಬಾರಿಯೂ ಹೀಗೆ ಪರರ ಬಾಗಿಲಿಗೆ ಹೋಗುವುದು ಕಷ್ಟವೆಂದು ಕಂಡಾಗ ತಮ್ಮ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅನಂತರ ಅವರು ಬಾಳಿದುದು ಬಾಡಿಗೆಯ ಮನೆಯಲ್ಲಿ. ಈ ತ್ಯಾಗವನ್ನು ನೆನೆಯುವಾಗ ನಾವು ಅವರೊಬ್ಬರನ್ನೇ ನೆನೆಯುತ್ತೇವೆ. ಮಾರಿದ ಮನೆಯು ಅವರೊಬ್ಬರದೇ ಆಗಿರಲಿಲ್ಲ. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಆ ಕೊರತೆಯಲ್ಲಿ ಪಾಲುಗಾರರಾದರು. ಒಬ್ಬನ ವ್ರತವು ನಡೆಯುವಾಗ ಅದರ ಭಾರವನ್ನು ಮನೆಮಂದಿಯೂ ಹೊರುತ್ತಾರೆ. ಅವರ ಹೆಸರು ಗ್ರಂಥದ ಮುಖಪುಟದಲ್ಲಿ ಅಚ್ಚಾಗುವುದಿಲ್ಲ. ಸತ್ಕಾರ್ಯದಲ್ಲಿ ತೊಡಗಿರುವ ಗೃಹಸ್ಥನು ಈ ಋಣವನ್ನು ಅರಿತು ನಡೆಯುವುದು ಧರ್ಮ.

1926ರಲ್ಲಿ ಹಳಕಟ್ಟಿಯವರು ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮರುವರ್ಷ ನವಕರ್ನಾಟಕವೆಂಬ ವಾರಪತ್ರಿಕೆಯೂ ಹೊರಟಿತು. ಶಿವಾನುಭವವು ಸುಮಾರು ಮೂವತ್ತೈದು ವರ್ಷ ನಡೆಯಿತು. ಗ್ರಂಥವನ್ನು ನಾಳೆ ಮುಗಿಸಿದರೂ ಆದೀತು. ಪತ್ರಿಕೆಯನ್ನು ಹಾಗೆ ಮುಂದೂಡಲಾಗದು. ಹಿಂದಿನ ಸಂಚಿಕೆಯನ್ನು ಓದಿದವರು ಮುಂದಿನದನ್ನು ಎದುರುನೋಡುತ್ತಿರುತ್ತಾರೆ. ಆ ನಿರೀಕ್ಷೆಯೇ ಸಂಪಾದಕನಿಗೆ ಕಟ್ಟುಪಾಡು. ಹೀಗೆ ಅವರು ತಮ್ಮ ಕೆಲಸವನ್ನು ಓದುಗರ ಎದುರಿನಲ್ಲಿ ನಿಲ್ಲಿಸಿಕೊಂಡರು. ಓದುಗರು ಅವರನ್ನು ನಡೆಸಿದರು, ಅವರು ಓದುಗರನ್ನು ನಡೆಸಿದರು. ಹರಿಹರನ ರಗಳೆಗಳು, ಶೂನ್ಯಸಂಪಾದನೆ ಮುಂತಾದ ಗ್ರಂಥಗಳನ್ನು ಈ ಕಾಲದಲ್ಲಿಯೇ ಬೆಳಕಿಗೆ ತಂದರು. ಶೂನ್ಯಸಂಪಾದನೆಯಾದರೋ ಸಂಗದ ಮಹಿಮೆಯನ್ನೇ ಸಾರುವ ಗ್ರಂಥ. ಅಲ್ಲಿ ಅಲ್ಲಮಪ್ರಭುಗಳು ಒಬ್ಬೊಬ್ಬ ಶರಣರನ್ನೂ ಕಂಡು, ಪ್ರಶ್ನಿಸಿ, ಅವರವರ ಅರಿವಿನಲ್ಲಿ ಉಳಿದ ಕೊರತೆಯನ್ನು ತೋರಿಸಿ ಮುಂದಕ್ಕೆ ಕೊಂಡೊಯ್ಯುತ್ತಾರೆ. ಕೇವಲ ಮೆಚ್ಚುವವನ ಸಂಗಕ್ಕಿಂತ ಮೆಚ್ಚಿ ತಿದ್ದುವವನ ಸಂಗವು ಮೇಲೆಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಮರಗಸಿ ಮಾಡದ ನೆರಳು ಗಿಡಕ್ಕೆ ಹಿತವಲ್ಲವಷ್ಟೆ.

ತಾವು ಪಡೆದ ಸಂಗದ ಫಲವನ್ನು ಅವರು ಇತರರಿಗೂ ಒದಗಿಸಿದರು. 1910ರಲ್ಲಿ ವಿಜಯಪುರದ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು ಅವರ ಶ್ರಮದಿಂದ ಸ್ಥಾಪಿತವಾಯಿತು. ಬಿ.ಎಲ್.ಡಿ.ಇ. ಎಂದು ಹೆಸರಾದ ಆ ಸಂಸ್ಥೆಯು ಇಂದಿಗೂ ವಿದ್ಯಾದಾನವನ್ನು ನಡೆಸುತ್ತಿದೆ. ಸಹಕಾರದ ತತ್ತ್ವದ ಮೇಲೆ ಸಿದ್ಧೇಶ್ವರ ಬ್ಯಾಂಕನ್ನು ಕಟ್ಟುವುದರಲ್ಲಿಯೂ ಅವರು ಮುಂದಾಳುಗಳಾಗಿದ್ದರು. ಬಡವನು ಒಬ್ಬನೇ ಉಳಿತಾಯ ಮಾಡುವುದು ಕಷ್ಟ. ಹತ್ತು ಮಂದಿಯ ನಡುವೆ ಅದು ಸುಲಭ. ಓದಿನ ವಿಷಯವೂ ಹಾಗೆಯೇ. 1926ರಲ್ಲಿ ಬಳ್ಳಾರಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. 1964ನೆಯ ಇಸವಿಯ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರು ಹಾಕಿದ ದಾರಿಯಲ್ಲಿ ಶಿ. ಶಿ. ಬಸವನಾಳರು ಮೊದಲಾದ ವಿದ್ವಾಂಸರು ನಡೆದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಒಬ್ಬರಿಂದ ಆರಂಭವಾದ ಕಾರ್ಯವು ಅನೇಕರ ಕೈ ಸೇರಿ ಪೂರ್ಣತೆಯನ್ನು ಕಂಡಿತು.

ಈ ಜೀವನದಿಂದ ನಮ್ಮ ಮಲೆನಾಡಿನ ಗೃಹಸ್ಥರು ಕಲಿಯಬೇಕಾದುದೇನು? ವಿಜಯಪುರವು ಬಯಲು ನಾಡು. ಅಲ್ಲಿ ಮನೆಗೆ ಮನೆ ಕೂಡಿಕೊಂಡ ಊರುಗಳಿವೆ. ನಮ್ಮಲ್ಲಿ ಒಂದು ಮನೆಗೂ ಮತ್ತೊಂದು ಮನೆಗೂ ನಡುವೆ ತೋಟವಿದೆ, ಹಳ್ಳವಿದೆ, ಕಾಡಿದೆ. ಮುಂಗಾರು ಹಿಡಿದರೆ ನೆರೆಯವರ ಮುಖವನ್ನು ಕಾಣದೆ ದಿನಗಳು ಕಳೆಯುತ್ತವೆ. ಇಲ್ಲಿ ಸಂಗವು ತಾನಾಗಿ ಬಾಗಿಲಿಗೆ ಬರುವುದಿಲ್ಲ. ಅದನ್ನು ನಾವು ಕಟ್ಟಿಕೊಳ್ಳಬೇಕು. ಕಾಫಿಯ ಕೊಯ್ಲಿನ ದಿನಗಳಲ್ಲಿ ಕೂಡಲು ಬಿಡುವಿಲ್ಲವೆಂಬುದು ನಿಜ. ಆದರೆ ಕೊಯ್ಲು ಮುಗಿದ ಮೇಲೂ ನಾವು ಕೂಡುವುದಿಲ್ಲವಲ್ಲ! ಸಮೀಪದ ನಾಲ್ಕು ಮನೆಯವರು ತಿಂಗಳಿಗೊಮ್ಮೆ ಸರದಿಯಂತೆ ಒಂದೊಂದು ಮನೆಯಲ್ಲಿ ಸೇರಿ, ಒಂದು ವಚನವನ್ನು ಓದಿ, ಹಿಂದಿನ ಬಾರಿ ನಿಶ್ಚಯಿಸಿದುದನ್ನು ಯಾರು ಎಷ್ಟು ನಡೆಸಿದರೆಂದು ಅಂಜದೆ ಹೇಳಿಕೊಂಡರೆ ಸಾಕು. ಮಳೆಗಾಲದಲ್ಲಿ ಅದು ಸಾಧ್ಯವಾಗದಿದ್ದರೆ ಮನೆಯೊಳಗೆ ಗಂಡ, ಹೆಂಡತಿ, ಮಕ್ಕಳೇ ಒಂದು ಸಂಗವಾಗಲಿ. ತೋಟದಲ್ಲಿ ದುಡಿಯುವವರನ್ನು ಹೊರಗಿಡುವುದು ಬೇಡ. ಕಾಯಕವನ್ನು ಕೈಲಾಸವೆಂದು ತಿಳಿದ ಶರಣರ ಕೂಟದಲ್ಲಿ ದುಡಿಯುವವರಿಗೇ ಮೊದಲ ಮಣೆಯಿದ್ದಿತು.

ನಮ್ಮ ಸುತ್ತಲಿನವರು ನಮ್ಮ ನಿಶ್ಚಯವನ್ನು ಉಳಿಸುವವರೋ ಅಳಿಸುವವರೋ ಎಂದು ವಿಚಾರಿಸುವುದು ಯುಕ್ತವೇ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಚಾರವುಂಟು: ನೆರೆಯವನ ನಿಶ್ಚಯಕ್ಕೆ ನಾವು ಏನಾಗಿದ್ದೇವೆ? ಅವನ ಹೊಸ ವ್ರತವನ್ನು ಕಂಡು ನಕ್ಕೆವೇ, ಅಥವಾ ಜಗುಲಿಯ ಮೇಲಿನ ಓಲೆಯನ್ನು ಇಳಿಸಿ ಅವನ ಕೈಗೆ ಕೊಟ್ಟೆವೇ? ಅಂದು ಬನಹಟ್ಟಿಯ ಸೀಮೆಯ ಆ ಮನೆಯವರು ಓಲೆಯನ್ನು ತೋರಿಸಲು ಒಲ್ಲೆವೆಂದಿದ್ದರೆ, ಇಂದು ನಮ್ಮ ಕೈಯಲ್ಲಿರುವ ವಚನದ ಪುಸ್ತಕವು ಇನ್ನೆಷ್ಟು ಕಾಲ ತಡವಾಗಿ ಬರುತ್ತಿತ್ತೋ ಬಲ್ಲವರಾರು?